ಒಂದು ಸ್ಯಾಂಪಲ್, ನಾಲ್ಕು ಭಾಗ



ಹೋದ ಸಂಚಿಕೆಯಲ್ಲಿ ಬ್ಯಾಂಕು, ರೈಲ್ವೆ ಪರೀಕ್ಷೆಗಳ ವಿಷಯ ಬರೆದಿದ್ದೆ. ಅದನ್ನು ಓದಿ ನಿಮ್ಮಲ್ಲಿ ಕೆಲವರು, "ಆಂಟಿ, ಬಿ.ಫಾರ್ಮ್ ಓದಿದವರಿಗೆ ಸರ್ಕಾರಿ ಕೆಲಸ ಯಾವುದೂ ಇಲ್ಲವಾ?" ಎಂದು ಕೇಳಿದಿರಿ. ಇದೆ. ಆಸ್ಪತ್ರೆಗಳಲ್ಲಿ, ರೈಲ್ವೆಯಲ್ಲಿ ಫಾರ್ಮಸಿಸ್ಟ್ ಹುದ್ದೆಗಳಿವೆ; ಅವಕ್ಕೆ ಡಿಪ್ಲೊಮಾದವರೂ ಅರ್ಜಿ ಹಾಕುತ್ತಾರೆ. ಪದವಿಯನ್ನೇ ಕೇಳುವ, ನಾಲ್ಕು ವರ್ಷ ಓದಿದ್ದೆಲ್ಲ ಕೆಲಸಕ್ಕೆ ಬರುವ ಹುದ್ದೆ ಇನ್ನೊಂದಿದೆ. ಅದೇ ಡ್ರಗ್ ಇನ್ಸ್‌ಪೆಕ್ಟರ್. ಕನ್ನಡದಲ್ಲಿ ಔಷಧ ಪರಿವೀಕ್ಷಕರು ಅನ್ನುತ್ತಾರೆ. ನಮ್ಮ ಸಂಘದ ಹಿರಿಯರೊಬ್ಬರು ಈ ಹೆಸರು ಕೇಳಿದೊಡನೆ, "ಗಾಂಜಾ ಹಿಡಿಯೋ ಪೊಲೀಸಾ?" ಎಂದರು. ಅಲ್ಲ. ನೀವು ಜ್ವರ ಬಂದಾಗ ನುಂಗುವ ಮಾತ್ರೆಯಲ್ಲಿ ಮಾತ್ರೆಯೇ ಇದೆಯೋ, ಬರೀ ಸೀಮೆಸುಣ್ಣ ಇದೆಯೋ ಎಂದು ನೋಡುವವರು.

ಫಾರ್ಮಸಿಗೆ ಸೇರಿದ ಮಕ್ಕಳ ತಾಯ್ತಂದೆಯರು ನಮ್ಮ ನಡುವೆ ಇದ್ದಾರೆ. "ಎಂ.ಬಿ.ಬಿ.ಎಸ್. ಸಿಗಲಿಲ್ಲ, ಬಿ.ಫಾರ್ಮ್‌ಗೆ ಹಾಕಿದೆವು" ಎಂದು ತಗ್ಗಿದ ದನಿಯಲ್ಲಿ ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಕಾಶಿಯಲ್ಲಿ ಕೂತು ಈ ಮಾತಾಡುವುದು ಸರಿಯಲ್ಲ. ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಎಂದು ನಿಮಗೆ ನೂರು ಸಲ ಹೇಳಿ ಎದೆ ಉಬ್ಬಿಸಿದ್ದೇವೆ. ಈ ದೇಶದ ಫಾರ್ಮಸಿ ಶಿಕ್ಷಣ ಹುಟ್ಟಿದ್ದೂ ಅದೇ ಅಂಗಳದಲ್ಲಿ ಎಂದು ಯಾರೂ ಹೇಳಲಿಲ್ಲ. ದರ್ಭಂಗಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ ಬಂದ ಮಹಾದೇವ ಲಾಲ್ ಶ್ರಾಫ್ ಎಂಬ ಪ್ರೊಫೆಸರು ಮಾಳವೀಯರ ಆಶ್ರಯದಲ್ಲಿ 1932ರಲ್ಲಿ ಇಲ್ಲಿ ಔಷಧ ರಸಾಯನವನ್ನು ಕಲಿಸಲು ಆರಂಭಿಸಿದರು. 1937ರಲ್ಲಿ ಅದು ಬಿ.ಫಾರ್ಮ್ ಪದವಿಯಾಯಿತು. ಈಗ ಆ ವಿಭಾಗ ಐ.ಐ.ಟಿ.ಯ ಭಾಗ.

ವರ್ಷಗಳನ್ನು ಸ್ವಲ್ಪ ಗಮನಿಸಿ. 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಬಜಾರಿನಲ್ಲಿ ಔಷಧದ ಹೆಸರಿನಲ್ಲಿ ಏನೇನು ಮಾರುತ್ತಿದ್ದಾರೆ ಎಂದು ನೋಡಿ ಆ ಸಮಿತಿ 1931ರಲ್ಲಿ ವರದಿ ಕೊಟ್ಟಿತು. ಕಾನೂನೂ ಬೇಕು, ಔಷಧ ಬಲ್ಲ ಓದಿದ ಜನವೂ ಬೇಕು ಎಂದಿತು. ಕಾನೂನು ಬಂದದ್ದು 1940ರಲ್ಲಿ, ಅದರ ನಿಯಮಗಳು 1945ರಲ್ಲಿ, ಫಾರ್ಮಸಿ ಕಾಯಿದೆ 1948ರಲ್ಲಿ. ಕಾನೂನಿಗಿಂತ ಮೊದಲೇ ಕಾಶಿಯಲ್ಲಿ ಪದವಿ ಬಂದಿತ್ತು. ಹಾಗಾಗಿ ತಗ್ಗಿದ ದನಿ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಅಡಿಗೆಮನೆ ಸೇರಿದವಳು. ಫಾರ್ಮಸಿಯ ಗಂಧಗಾಳಿ ಇಲ್ಲ. ಆದರೆ ಎರಡು ವರ್ಷಗಳ ಕೆಳಗೆ ನಮ್ಮ ಬೀದಿಯ ಕನ್ನಡದ ಹುಡುಗಿಯೊಬ್ಬಳು ಒಂದು ಪುಸ್ತಕ ಹಿಡಿದು ಮಧ್ಯಾಹ್ನ ನಮ್ಮ ಮನೆಗೆ ಬಂದಳು. "ಆಂಟಿ, ಸೈನ್ಸ್ ಎಲ್ಲಾ ಬರುತ್ತೆ. ಈ ಕಾನೂನಿನ ಇಂಗ್ಲಿಷ್ ಮಾತ್ರ ತಲೆಗೆ ಹೋಗ್ತಿಲ್ಲ" ಎಂದಳು. ಅಂದಿನಿಂದ ವಾರಕ್ಕೆ ಮೂರು ಮಧ್ಯಾಹ್ನ, ಸುಮಾರು ಒಂದು ವರ್ಷ, ಇಬ್ಬರೂ ಸೇರಿ 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯನ್ನು ಒಂದೊಂದೇ ವಾಕ್ಯವಾಗಿ ಓದಿದೆವು. ನಾನು ಈಗ ನಿಮಗೆ ಹೇಳುವುದೆಲ್ಲ ಆ ಮಧ್ಯಾಹ್ನಗಳ ಫಲ.

ಬಿ.ಫಾರ್ಮ್‌ನಲ್ಲಿ ಕಾನೂನು ಒಂದೇ ಒಂದು ಪತ್ರಿಕೆ. ಹುಡುಗರು ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದು ಪಾಸಾಗುತ್ತಾರೆ. ಷೆಡ್ಯೂಲ್ ಎಂ ಅಂದರೆ ಕಾರ್ಖಾನೆ ಹೇಗಿರಬೇಕು ಎಂಬುದು, ಷೆಡ್ಯೂಲ್ ಎನ್ ಅಂದರೆ ಅಂಗಡಿಯಲ್ಲಿ ಇರಬೇಕಾದ ಸಲಕರಣೆ, ಷೆಡ್ಯೂಲ್ ಜೆ ಅಂದರೆ ವಾಸಿ ಮಾಡುತ್ತೇವೆಂದು ಹೇಳಿಕೊಳ್ಳಬಾರದ ಕಾಯಿಲೆಗಳು. ಹೀಗೆ ಮಗ್ಗಿಯಂತೆ. ಇನ್ಸ್‌ಪೆಕ್ಟರ್ ಪರೀಕ್ಷೆಗೆ ಆ ಮಗ್ಗಿ ಬೇಕೇ ಬೇಕು, ಆದರೆ ಅದಷ್ಟೇ ಸಾಲದು. ಯಾಕೆಂದರೆ ಇನ್ಸ್‌ಪೆಕ್ಟರ ಕೈಯಲ್ಲಿ ಲಾಠಿ ಇಲ್ಲ, ಸ್ಟೆತಸ್ಕೋಪೂ ಇಲ್ಲ. ಇರುವುದು ಆ ಕಾಯಿದೆಯ ವಾಕ್ಯಗಳು ಮಾತ್ರ.

ಒಂದು ಉದಾಹರಣೆ ಹೇಳಿದರೆ ನಿಮಗೆ ಹಿಡಿತ ಸಿಗುತ್ತದೆ. ನನಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು 23ನೆಯ ಸೆಕ್ಷನ್. ನೀವು ಇನ್ಸ್‌ಪೆಕ್ಟರಾಗಿ ಲಂಕಾದ ಒಂದು ಔಷಧದಂಗಡಿಗೆ ಹೋದಿರಿ ಅನ್ನಿ. ಒಂದು ಸಿರಪ್ಪಿನ ಮೇಲೆ ಅನುಮಾನ. ಬಾಟಲಿಯನ್ನು ಎತ್ತಿಕೊಂಡು ಜೀಪು ಹತ್ತುವ ಹಾಗಿಲ್ಲ. ಮೊದಲು ಅದರ ನ್ಯಾಯವಾದ ಬೆಲೆಯನ್ನು ಅಂಗಡಿಯವರಿಗೆ ಕೊಡಬೇಕು. ಅವರು ಹಣ ಬೇಡವೆಂದರೆ ಫಾರಂ 17ಎ ಎಂಬ ರಸೀತಿ ಬರೆದುಕೊಡಬೇಕು. ಯಾತಕ್ಕಾಗಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಫಾರಂ 17ರಲ್ಲಿ ಬರೆದು ತಿಳಿಸಬೇಕು. ಆಮೇಲೆ ಅವರ ಕಣ್ಣೆದುರಿಗೇ ಆ ಸ್ಯಾಂಪಲ್ಲನ್ನು ನಾಲ್ಕು ಭಾಗ ಮಾಡಿ, ನಾಲ್ಕಕ್ಕೂ ಮೊಹರು ಹಾಕಿ ಗುರುತು ಮಾಡಬೇಕು. ಅಂಗಡಿಯವರು "ನನ್ನ ಮೊಹರೂ ಇರಲಿ" ಎಂದರೆ ಅದಕ್ಕೂ ಅವಕಾಶ ಕೊಡಬೇಕು.

ಈ ನಾಲ್ಕು ಭಾಗ ಎಲ್ಲೆಲ್ಲಿಗೆ ಹೋಗುತ್ತವೆ? ಒಂದು ಅಂಗಡಿಯವರಿಗೇ ವಾಪಸು. ಒಂದು ಕೂಡಲೇ ಸರ್ಕಾರಿ ವಿಶ್ಲೇಷಕರಿಗೆ. ಒಂದು ಮುಂದೆ ಕೇಸಾದರೆ ಕೋರ್ಟಿಗೆ. ಇನ್ನೊಂದು, ಆ ಔಷಧ ಯಾರಿಂದ ಬಂತೆಂದು ಅಂಗಡಿಯವರು ಹೆಸರು ಹೇಳುತ್ತಾರಲ್ಲ, ಅವರಿಗೆ. ಕಾರ್ಖಾನೆಯಲ್ಲೇ ತೆಗೆದ ಸ್ಯಾಂಪಲ್ಲಾದರೆ ಮೂರು ಭಾಗ ಸಾಕು, ಏಕೆಂದರೆ ಅಲ್ಲಿ "ಯಾರಿಂದ ಬಂತು" ಎಂಬ ಪ್ರಶ್ನೆಯೇ ಇಲ್ಲ. ಇದನ್ನು ಬಾಯಿಪಾಠ ಮಾಡಿದ ಹುಡುಗ "ನಾಲ್ಕು, ಕೆಲವೊಮ್ಮೆ ಮೂರು" ಎಂದು ಬರೆಯುತ್ತಾನೆ. ಯಾವಾಗ ಮೂರು ಎಂದು ಪರೀಕ್ಷೆಯ ಬಿಸಿಯಲ್ಲಿ ಮರೆಯುತ್ತಾನೆ. ಯಾರ ಕೈಗೆ ಯಾಕೆ ಹೋಗುತ್ತದೆ ಎಂದು ತಿಳಿದ ಹುಡುಗಿ ಎಂದೂ ಮರೆಯುವುದಿಲ್ಲ. ನಮ್ಮ ಬೀದಿಯವಳು ಇದನ್ನು ನಮ್ಮ ಮನೆಯ ನಾಲ್ಕು ಉಪ್ಪಿನಕಾಯಿ ಬಾಟಲಿ ಮೇಜಿನ ಮೇಲೆ ಇಟ್ಟುಕೊಂಡೇ ಕಲಿತಳು. ಸ್ಟೂಲಿನ ಮೇಲೆ ಕೂತು ಅಂಗಡಿಯವನ ಪಾತ್ರ ಮಾಡಿದವಳು ನಾನು. ಆ ಪಾತ್ರದಲ್ಲಿ ಸಿಕ್ಕಾಪಟ್ಟೆ ಜಗಳ ತೆಗೆದೆ ಎನ್ನಿ.

ಇಷ್ಟು ಉಪಚಾರ ಯಾಕೆ, ಕಳ್ಳನಿಗೆ ಇಷ್ಟು ಮರ್ಯಾದೆ ಯಾಕೆ ಎಂದು ಅವಳು ಕೇಳಿದಳು. ಅಂಗಡಿಯವನು ಕಳ್ಳನೆಂದು ಇನ್ನೂ ಗೊತ್ತಿಲ್ಲವಲ್ಲ! ಅವನೂ ಯಾರಿಂದಲೋ ಕೊಂಡು ತಂದವನು. ವಿಶ್ಲೇಷಕರ ವರದಿ ಫಾರಂ 13ರಲ್ಲಿ ಬರುತ್ತದೆ. ಅದನ್ನು ಒಪ್ಪದವನು ವರದಿ ಕೈಸೇರಿದ 28 ದಿನಗಳೊಳಗೆ "ನಾನು ಇದಕ್ಕೆ ವಿರುದ್ಧ ಸಾಕ್ಷ್ಯ ಕೊಡುತ್ತೇನೆ" ಎಂದು ತಿಳಿಸಬಹುದು. ಆಗ ಕೋರ್ಟು ತನ್ನಲ್ಲಿರುವ ಭಾಗವನ್ನು ಕೇಂದ್ರದ ಪ್ರಯೋಗಾಲಯಕ್ಕೆ ಕಳಿಸಬಹುದು. ಅಲ್ಲಿಂದ ಬಂದದ್ದೇ ಕೊನೆಯ ಮಾತು. ಅಂದರೆ ಇನ್ಸ್‌ಪೆಕ್ಟರು ಅಂದು ಅಂಗಡಿಯಲ್ಲಿ ಹಾಕಿದ ಮೊಹರು ಸಡಿಲವಾಗಿದ್ದರೆ, ಒಂದು ಫಾರಂ ಬರೆಯದೆ ಬಿಟ್ಟಿದ್ದರೆ, ಆರೋಪಿಯ ವಕೀಲರು ಆ ಒಂದು ಎಳೆ ಹಿಡಿದು ಇಡೀ ಕೇಸನ್ನು ಬಿಚ್ಚಿಬಿಡುತ್ತಾರೆ. ಔಷಧ ವಿಷವೇ ಆಗಿದ್ದರೂ ಮಾರಿದವನು ಮನೆಗೆ ಹೋಗುತ್ತಾನೆ.

ವಿಷ ಎಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಕೊಟ್ಟ ರೋಗಿಗಳಲ್ಲಿ 14 ಮಂದಿ ಸತ್ತರು. ಆ ಗ್ಲಿಸರಿನ್‌ನಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆತಿತ್ತು. ನೋಡಲು ಎರಡೂ ಒಂದೇ ಥರ, ಬಣ್ಣವಿಲ್ಲದ ಸಿಹಿ ದ್ರವ; ಇದು ಮೂತ್ರಪಿಂಡವನ್ನು ಕೊಲ್ಲುತ್ತದೆ. ಆಗ ನೇಮಿಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗ ಆಸ್ಪತ್ರೆಯಿಂದ ಹಿಡಿದು ಔಷಧ ಆಡಳಿತ, ಮಂತ್ರಿಗಳವರೆಗೆ ಯಾರನ್ನೂ ಬಿಡದೆ ಬರೆಯಿತು. ಅಷ್ಟಾದ ಮೇಲೆ ಈ ದೇಶ ಪಾಠ ಕಲಿತಿರಬೇಕು ಅನ್ನಿಸುತ್ತದಲ್ಲವೇ? 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ನಮ್ಮ ದೇಶದಿಂದ ಹೋದ ಕೆಮ್ಮಿನ ಸಿರಪ್ಪುಗಳ ಬಗ್ಗೆ ಇದೇ ಆರೋಪ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು, ಬಹುತೇಕ ಐದು ವರ್ಷದೊಳಗಿನವು, ಕೆಮ್ಮಿನ ಸಿರಪ್ಪು ಕುಡಿದು ಸತ್ತವು. ತಮಿಳುನಾಡಿನ ಪ್ರಯೋಗಾಲಯದಲ್ಲಿ ಆ ಸಿರಪ್ಪಿನಲ್ಲಿ ಡೈಇಥಿಲೀನ್ ಗ್ಲೈಕಾಲ್ ಶೇಕಡಾ 48.6 ಇತ್ತು. ಅನುಮತಿ ಇರುವ ಮಿತಿ ಶೇಕಡಾ 0.1. ಬಾಟಲಿಯಲ್ಲಿ ಸುಮಾರು ಅರ್ಧ ವಿಷ, ಮಕ್ಕಳೇ. ಸಿರಪ್ಪಿಗೆ ಸೇರಿಸುವ ದ್ರವವನ್ನು ಬಳಸುವ ಮುನ್ನ ಒಂದು ಪರೀಕ್ಷೆ ಮಾಡಿದ್ದರೆ, ಅದನ್ನು ಮಾಡುತ್ತಿದ್ದಾರೆಯೇ ಎಂದು ಒಬ್ಬರು ಹೋಗಿ ನೋಡಿದ್ದರೆ ತಪ್ಪುತ್ತಿತ್ತು.

ನಮ್ಮ ಕರ್ನಾಟಕದಲ್ಲೂ ಆಗಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ, ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಅನುಮಾನ ಎದ್ದಿತು. ಆಗ ಹೊರಬಂದ ಸಂಗತಿ ನಮ್ಮ ಹುಡುಗಿಯ ನಿದ್ದೆ ಕೆಡಿಸಿತ್ತು. ರಾಜ್ಯದ ಪ್ರಯೋಗಾಲಯ ಕಳಪೆ ಎಂದಿದ್ದ ಕೆಲವು ಬ್ಯಾಚುಗಳನ್ನು ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತಂತೆ. ನಾನು ಮೇಲೆ ಬರೆದೆನಲ್ಲ, ಕೊನೆಯ ಮಾತು ಯಾರದು ಎಂಬ ಆ ಸೆಕ್ಷನ್ನು, ಅದು ಪುಸ್ತಕದಲ್ಲಿ ಮಲಗಿರುವ ವಾಕ್ಯವಲ್ಲ ಎಂದು ಅವಳಿಗೆ ಅಂದು ತಿಳಿಯಿತು. ಹಾಗಾದರೆ ಎರಡು ವರದಿ ಬೇರೆ ಬೇರೆ ಬಂದಾಗ ಇನ್ಸ್‌ಪೆಕ್ಟರು ಏನು ಮಾಡಬೇಕು ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು! ಆದರೆ ಆ ಪ್ರಶ್ನೆ ಕೇಳುವವರೇ ಆ ಕುರ್ಚಿಯಲ್ಲಿ ಕೂರಬೇಕು ಅನ್ನಿಸಿತು.

ಇಲ್ಲಿ ಒಂದು ಅಹಿತವಾದ ಮಾತು. ನಮ್ಮ ಹುಡುಗಿ ಈ ಪರೀಕ್ಷೆಗೆ ಓದುತ್ತಾಳೆ ಎಂದು ತಿಳಿದ ಮೇಲೆ ಒಂದು ಮದುವೆ ಮನೆಯಲ್ಲಿ ಒಬ್ಬರು ನಗುತ್ತ, "ಒಳ್ಳೇದೇ ಆಯ್ತು, ಸಂಬಳಕ್ಕಿಂತ ಗಿಂಬಳ ಜಾಸ್ತಿ" ಎಂದರು. ಸುತ್ತ ಇದ್ದವರೂ ನಕ್ಕರು. ಹುಡುಗಿ ನಗಲಿಲ್ಲ. ನಿಮ್ಮಲ್ಲಿ ಯಾರಾದರೂ ಆ ಲೆಕ್ಕ ಹಾಕಿ ಈ ಪರೀಕ್ಷೆಗೆ ಕೂರುವುದಾದರೆ ದಯವಿಟ್ಟು ಬೇಡ. ದುಡ್ಡು ಮಾಡಲು ಬೇಕಾದಷ್ಟು ದಾರಿಗಳಿವೆ, ಅವುಗಳಲ್ಲಿ ಮಗುವಿನ ಕೆಮ್ಮಿನ ಸಿರಪ್ಪು ಸೇರಬಾರದು.

ಕಾಶಿಯಲ್ಲಿ ಬೆಳೆದ ನಿಮಗೆ ಒಂದು ಅನುಕೂಲವಿದೆ. ಮೈದಾಗಿನ್ ಹತ್ತಿರದ ಸಪ್ತಸಾಗರ ದವಾ ಮಂಡಿ ಇಡೀ ಪೂರ್ವಾಂಚಲಕ್ಕೆ ಔಷಧ ಹಂಚುವ ಸಗಟು ಪೇಟೆ. ಕೈಗಾಡಿ, ಸ್ಕೂಟರು, ರಟ್ಟಿನ ಪೆಟ್ಟಿಗೆಗಳ ನಡುವೆ ಹೆಜ್ಜೆ ಇಡಲು ಜಾಗವಿಲ್ಲ. ಸಾಧ್ಯವಾದರೆ ಪರಿಚಯದವರ ಅಂಗಡಿಯಲ್ಲಿ ಒಂದು ತಿಂಗಳು ಸಂಬಳವಿಲ್ಲದೆ ನಿಂತುಕೊಳ್ಳಿ. ಗೋಡೆಯ ಮೇಲೆ ತೂಗುಹಾಕಿದ ಲೈಸೆನ್ಸು ನೋಡಿ: ಚಿಲ್ಲರೆ ಅಂಗಡಿಯದಾದರೆ ಫಾರಂ 20 ಮತ್ತು 21, ಸಗಟಿನದಾದರೆ 20ಬಿ ಮತ್ತು 21ಬಿ. ಚಿಲ್ಲರೆ ಅಂಗಡಿ ಕನಿಷ್ಠ ಹತ್ತು ಚದರ ಮೀಟರ್ ಇರಬೇಕು ಎಂದು ಓದಿದ್ದೀರಲ್ಲ, ಕಣ್ಣಳತೆಯಲ್ಲಿ ಅಳೆದು ನೋಡಿ. ಷೆಡ್ಯೂಲ್ ಎಚ್1 ಔಷಧಗಳನ್ನು, ಅಂದರೆ ಪ್ರಬಲ ಆಂಟಿಬಯಾಟಿಕ್, ಕ್ಷಯದ ಮದ್ದು, ಚಟ ಹತ್ತಿಸುವ ಕೆಲವು ಮಾತ್ರೆಗಳನ್ನು, ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯುತ್ತಾರೋ ಇಲ್ಲವೋ ಗಮನಿಸಿ. ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಮದ್ದಿನ ಹೆಸರು, ಎಷ್ಟು ಕೊಟ್ಟದ್ದು. ಆ ರಿಜಿಸ್ಟರು ಮೂರು ವರ್ಷ ಇರಬೇಕು. ಒಂದು ತಿಂಗಳು ನಿಂತವರಿಗೆ ನಿಯಮ 65 ಉರು ಹೊಡೆಯುವ ಕಷ್ಟವಿಲ್ಲ.

ಅದೇ ಪೇಟೆಯ ಊರಾದ್ದರಿಂದ ಕೆಟ್ಟ ಹೆಸರೂ ಬಂದಿದೆ. 2025ರ ನವೆಂಬರ್‌ನಲ್ಲಿ ಕೊಡೀನ್ ಇರುವ ಕೆಮ್ಮಿನ ಸಿರಪ್ಪನ್ನು ನಶೆಗಾಗಿ ಸಾಗಿಸಿದ ಪ್ರಕರಣದಲ್ಲಿ ವಾರಾಣಸಿಯ ಹಲವು ಔಷಧ ಸಂಸ್ಥೆಗಳ ಮೇಲೆ ಕೇಸಾಯಿತು. ಕೆಲವು ಕಾಗದದ ಮೇಲೆ ಮಾತ್ರ ಇದ್ದ ಅಂಗಡಿಗಳೆಂದು ಪತ್ರಿಕೆಗಳು ಬರೆದವು. ಪರೀಕ್ಷೆಗೆ ಓದುವವರು ಇಂಥ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಳ್ಳಬೇಕು, ಯಾಕೆಂದರೆ ಅದರಲ್ಲಿ ಒಳ್ಳೆಯ ಪ್ರಶ್ನೆಯೊಂದಿದೆ. 2020ರ ಆಗಸ್ಟ್‌ನಲ್ಲಿ ನಮ್ಮ ಉತ್ತರ ಪ್ರದೇಶದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಔಷಧ ಕಾಯಿದೆಯ ನಾಲ್ಕನೆಯ ಅಧ್ಯಾಯದ ಅಪರಾಧಗಳಿಗೆ ಪೊಲೀಸರು ಎಫ್.ಐ.ಆರ್. ಹಾಕುವಂತಿಲ್ಲ, ಅದು ಇನ್ಸ್‌ಪೆಕ್ಟರ ಕೆಲಸ ಎಂದಿತು. ಹಾಗಾದರೆ ಸಿರಪ್ಪಿನ ಕೇಸಿನಲ್ಲಿ ಪೊಲೀಸರು ಹೇಗೆ ಬಂದರು? ಕೊಡೀನ್ ಮಾದಕ ವಸ್ತು. ಅದಕ್ಕೆ 1985ರ ಎನ್.ಡಿ.ಪಿ.ಎಸ್. ಕಾಯಿದೆ ಇದೆ, ಮೋಸಕ್ಕೆ ಬೇರೆ ದಂಡಸಂಹಿತೆ ಇದೆ. ಒಂದೇ ಬಾಟಲಿ, ಮೂರು ಕಾನೂನು. ಯಾವುದಕ್ಕೆ ಯಾರು ಎಂದು ಬೇರ್ಪಡಿಸಿ ಹೇಳಬಲ್ಲವರು ಸಂದರ್ಶನದಲ್ಲಿ ತಡವರಿಸುವುದಿಲ್ಲ.

ಪುಸ್ತಕಗಳ ವಿಷಯ. ಲಂಕಾದ ಫುಟ್‌ಪಾತಿನಲ್ಲಿ ಸಿಗುವ ಹಳೆಯ ಗೈಡುಗಳನ್ನು ನಂಬಬೇಡಿ. ಹೊಸ ರಟ್ಟು ಹಾಕಿದ ಹಳೆಯ ಗೈಡುಗಳನ್ನಂತೂ ಇನ್ನೂ ನಂಬಬೇಡಿ. ಹಳತೋ ಹೊಸತೋ ಎಂದು ತಿಳಿಯಲು ನಮ್ಮ ಹುಡುಗಿ ಕಂಡುಕೊಂಡ ಉಪಾಯ ಇದು. ಹೊಸ ಔಷಧದ ಪ್ರಯೋಗಕ್ಕೆ ಷೆಡ್ಯೂಲ್ ವೈ ನೋಡಿ ಎಂದು ಬರೆದಿದ್ದರೆ ಆ ಪುಸ್ತಕ ಮುಚ್ಚಿ. 2019ರಿಂದ ಅದಕ್ಕೆ ಬೇರೆ ನಿಯಮಾವಳಿಯೇ ಇದೆ. ಸೌಂದರ್ಯ ಸಾಧನಗಳಿಗೆ 2020ರಲ್ಲಿ ಪ್ರತ್ಯೇಕ ನಿಯಮ ಬಂತು. ವೈದ್ಯಕೀಯ ಉಪಕರಣಗಳಿಗೆ 2017ರ ನಿಯಮಗಳಿವೆ, 2020ರ ಏಪ್ರಿಲ್‌ನಿಂದ ಉಪಕರಣಗಳನ್ನೆಲ್ಲ ಕಾಯಿದೆಯ ಲೆಕ್ಕದಲ್ಲಿ ಔಷಧವೆಂದೇ ಎಣಿಸುತ್ತಾರೆ. ಅಂಗಡಿಯ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು ಎಂದಿದ್ದರೂ ಹಳತೇ. 2017ರಿಂದ ಐದು ವರ್ಷಕ್ಕೊಮ್ಮೆ ಉಳಿಕೆ ಶುಲ್ಕ ಕಟ್ಟಿದರೆ ಲೈಸೆನ್ಸು ಮುಂದುವರಿಯುತ್ತದೆ. ಷೆಡ್ಯೂಲ್ ಎಂ ಕೂಡ 2023ರ ಕೊನೆಗೆ ತಿದ್ದಿಹೊಸದಾಯಿತು. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಇಷ್ಟು ಕಡೆ ಬದಲಾದ ಮೇಲೆ ಹತ್ತು ವರ್ಷದ ಹಿಂದಿನ ಪ್ರಶ್ನೆಪತ್ರಿಕೆಯ ಉತ್ತರವನ್ನು ಕಣ್ಣು ಮುಚ್ಚಿ ಒಪ್ಪಬಾರದು. ಕಾಯಿದೆಯ ಮೂಲ ಪ್ರತಿಯನ್ನೇ, ತಿದ್ದುಪಡಿ ಸಮೇತ, ಇಟ್ಟುಕೊಳ್ಳಿ.

ಮೂಲವನ್ನು ಓದುವಾಗ ಮೂರು ಇಂಗ್ಲಿಷ್ ಮಾತುಗಳ ಕೆಳಗೆ ಗೆರೆ ಎಳೆಯಿರಿ. "ಶಲ್" ಎಂದರೆ ಮಾಡಲೇಬೇಕು. "ಮೇ" ಎಂದರೆ ಮಾಡಬಹುದು, ಬಿಡಬಹುದು. "ಪ್ರೊವೈಡೆಡ್ ದಟ್" ಎಂದರೆ ಇಷ್ಟು ಹೊತ್ತು ಹೇಳಿದ್ದಕ್ಕೆ ಒಂದು ಆದರೆ ಇದೆ ಎಂದರ್ಥ. ಬಿ.ಎ.ಯಲ್ಲಿ ಶೇಕ್ಸ್‌ಪಿಯರ್ ಓದಿದ್ದು ಇದಕ್ಕೆ ಉಪಯೋಗವಾಗುತ್ತದೆಂದು ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ.

ಆ "ಆದರೆ"ಯಿಂದ ಎಷ್ಟು ಜನ ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ, ಹೇಳುತ್ತೇನೆ ಕೇಳಿ. ಇನ್ಸ್‌ಪೆಕ್ಟರ ಅರ್ಹತೆ ಹೇಳುವುದು ನಿಯಮ 49. ಫಾರ್ಮಸಿ ಪದವಿ, ಅಥವಾ ಔಷಧ ವಿಜ್ಞಾನದ ಪದವಿ, ಅಥವಾ ಕ್ಲಿನಿಕಲ್ ಫಾರ್ಮಕಾಲಜಿಯಲ್ಲೋ ಮೈಕ್ರೋಬಯಾಲಜಿಯಲ್ಲೋ ವಿಶೇಷ ಪರಿಣತಿಯಿರುವ ವೈದ್ಯ ಪದವಿ ಬೇಕು. ಅದರ ಕೆಳಗೆ ಒಂದು ಪ್ರೊವೈಡೆಡ್ ದಟ್. ಷೆಡ್ಯೂಲ್ ಸಿ ಪದಾರ್ಥಗಳ, ಅಂದರೆ ಲಸಿಕೆ, ಸೀರಂ, ಚುಚ್ಚುಮದ್ದುಗಳಂಥವುಗಳ ತಯಾರಿಕೆಯಲ್ಲಿ 18 ತಿಂಗಳು, ಅಥವಾ ಮಾನ್ಯ ಪ್ರಯೋಗಾಲಯದಲ್ಲಿ ಅವುಗಳ ಪರೀಕ್ಷೆಯಲ್ಲಿ 18 ತಿಂಗಳು, ಅಥವಾ ಅಂಥ ಕಾರ್ಖಾನೆಗಳ ತಪಾಸಣೆಯಲ್ಲಿ ಮೂರು ವರ್ಷ ಅನುಭವ. "ಅಯ್ಯೋ, ನನಗೆ ಅನುಭವವಿಲ್ಲ" ಎಂದು ಹುಡುಗಿ ಪುಸ್ತಕ ಮುಚ್ಚಿದ್ದಳು. ಇನ್ನೊಮ್ಮೆ ನಿಧಾನವಾಗಿ ಓದು ಎಂದೆ. ಈ ಅನುಭವ ಇರುವವರಿಗೆ ಮಾತ್ರ ಷೆಡ್ಯೂಲ್ ಸಿ ಪದಾರ್ಥ ತಯಾರಿಸುವ ಕಡೆ ತಪಾಸಣೆಗೆ ಅಧಿಕಾರ ಎಂದಿದೆ. ಇಲ್ಲದವರು ಇನ್ಸ್‌ಪೆಕ್ಟರೇ ಆಗಬಾರದೆಂದು ಎಲ್ಲಿದೆ? ಮೂರನೆಯ ಬಗೆಯ ಅನುಭವವಂತೂ ಇನ್ಸ್‌ಪೆಕ್ಟರಾದ ಮೇಲೇ ಸಿಗುವಂಥದ್ದು! ಅವಳ ಮುಖ ಅರಳಿತು. ಆದರೂ ಕೆಲವು ಪ್ರಕಟಣೆಗಳಲ್ಲಿ ಅನುಭವವನ್ನು ಪ್ರತ್ಯೇಕವಾಗಿ ಕೇಳುತ್ತಾರೆ. ಆದ್ದರಿಂದ ಒಂದೊಂದು ಪ್ರಕಟಣೆಯನ್ನೂ ಕೊನೆಯ ಸಾಲಿನವರೆಗೆ ಓದಿ.

ಈ ಅನುಭವದಿಂದ ಇನ್ನೊಂದು ಪ್ರಯೋಜನವಿದೆ. ಈ ಹುದ್ದೆಗಳು ಬ್ಯಾಂಕಿನಂತೆ ವರ್ಷವರ್ಷವೂ ಬರುವುದಿಲ್ಲ. ಇರುವುದೇ ಕಡಿಮೆ, ಒಂದು ಪ್ರಕಟಣೆಯಿಂದ ಇನ್ನೊಂದಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ನಡುವೆ ಕೋರ್ಟು ತಡೆ ಬಂದರೆ ಇನ್ನೂ ತಡ. ಅಷ್ಟರಲ್ಲಿ ವಯಸ್ಸಿನ ಮಿತಿ ಸದ್ದಿಲ್ಲದೆ ಹತ್ತಿರ ಬರುತ್ತದೆ. ರೂಮು ಮಾಡಿ, ಕೋಚಿಂಗಿಗೆ ದುಡ್ಡು ಸುರಿದು, ಬೇರೇನೂ ಮಾಡದೆ ಕೂತ ಹುಡುಗರನ್ನು ಈ ಊರಿನಲ್ಲಿ ಎಷ್ಟು ನೋಡಿಲ್ಲ! ಹಾಗೆ ಕೂರಬೇಡಿ. ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯದಲ್ಲೋ, ಚುಚ್ಚುಮದ್ದು ತಯಾರಿಸುವ ಕಾರ್ಖಾನೆಯಲ್ಲೋ ಕೆಲಸಕ್ಕೆ ಸೇರಿ ಬೆಳಿಗ್ಗೆ ಎರಡು ಗಂಟೆ ಓದಿ. ಇನ್ಸ್‌ಪೆಕ್ಟರಾದರೆ ಆ 18 ತಿಂಗಳು ಕೈಹಿಡಿಯುತ್ತವೆ, ಆಗದಿದ್ದರೆ ಉದ್ಯೋಗವಂತೂ ಇರುತ್ತದೆ. ನಮ್ಮ ಹುಡುಗಿಯ ಮನೆಯಲ್ಲಿ ಇದೇ ದೊಡ್ಡ ಜಗಳವಾಯಿತು. ಅಪ್ಪನಿಗೆ ಮಗಳು ಮನೆಯಲ್ಲೇ ಕೂತು ಓದಲಿ, ಇಲ್ಲವೆ ಮದುವೆಯಾಗಲಿ. ಅವಳು ಗುಜರಾತಿನ ಒಂದು ಕಾರ್ಖಾನೆಯ ಪ್ರಯೋಗಾಲಯಕ್ಕೆ ಹೊರಟಳು. ತಾಯಿ ನಮ್ಮ ಮನೆಗೆ ಬಂದು ಅತ್ತರು. ಹದಿನಾಲ್ಕು ತಿಂಗಳಾಯಿತು. ಈಗ ರಾತ್ರಿ ಫೋನಿನಲ್ಲಿ ಪಾಠ ನಡೆಯುತ್ತದೆ. ಆದರೆ ಪಾಠ ಹೇಳುವವಳು ಅವಳು. ದ್ರಾವಣದಲ್ಲಿ ಕಲ್ಮಶ ಎಷ್ಟಿದೆ ಎಂದು ಗ್ಯಾಸ್ ಕ್ರೊಮಟೊಗ್ರಫಿ ಯಂತ್ರ ಹೇಗೆ ಹೇಳುತ್ತದೆ ಎಂಬುದನ್ನು, ಸಾರಿನಲ್ಲಿ ಇಂಗಿದೆಯೋ ಇಲ್ಲವೋ ಎಂದು ಮೂಗು ಹೇಳಿದ ಹಾಗೆ ಆಂಟಿ, ಎಂದು ನನಗೆ ಅರ್ಥವಾಗುವಂತೆ ಹೇಳಿದಳು.

ಪರೀಕ್ಷೆ ನಡೆಸುವವರು ಯಾರು ಎಂದು ಕೇಳಿದ್ದೀರಿ. ಇಲ್ಲಿನ ರಾಜ್ಯದ ಹುದ್ದೆಗೆ ಪ್ರಯಾಗರಾಜದ ಲೋಕಸೇವಾ ಆಯೋಗ, ಕೇಂದ್ರದ ಹುದ್ದೆಗೆ ದೆಹಲಿಯ ಯು.ಪಿ.ಎಸ್.ಸಿ., ಕರ್ನಾಟಕದ ಹುದ್ದೆಗೆ ಬೆಂಗಳೂರಿನ ಕೆ.ಪಿ.ಎಸ್.ಸಿ. ವಿಜ್ಞಾನದ ಭಾಗ ನೀವು ಓದಿದ್ದೇ: ಫಾರ್ಮಸ್ಯೂಟಿಕ್ಸ್, ಫಾರ್ಮಕಾಲಜಿ, ಔಷಧ ವಿಶ್ಲೇಷಣೆ, ಮೈಕ್ರೋಬಯಾಲಜಿ. ಅದರ ಬಗ್ಗೆ ನಾನು ಹೇಳುವುದೇನಿಲ್ಲ, ನಿಮ್ಮ ಮೇಷ್ಟ್ರುಗಳಿದ್ದಾರೆ. ಸಾಮಾನ್ಯ ಜ್ಞಾನಕ್ಕೆ ದಿನಪತ್ರಿಕೆ ಸಾಕು.

ಕೆ.ಪಿ.ಎಸ್.ಸಿ. ಬಗ್ಗೆ ಮಾತ್ರ ಒಂದು ಮಾತು. ಅಜ್ಜಿ ತಾತ ಇರುವ ಊರಿಗೆ ಹೋಗಿ ಕೆಲಸ ಮಾಡುವ ಆಸೆ ನಿಮ್ಮಲ್ಲಿ ಕೆಲವರಿಗಿದೆ. ಅಲ್ಲಿ ಮೀಸಲಾತಿ, ವಾಸದ ಅವಧಿ ಇತ್ಯಾದಿ ಷರತ್ತುಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಅದಲ್ಲದೆ, ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ ಪಾಸಾಗಬೇಕು. ನೀವೆಲ್ಲ ಮನೆಯಲ್ಲಿ ಸೊಗಸಾಗಿ ಕನ್ನಡ ಮಾತಾಡುತ್ತೀರಿ, ಅಮ್ಮನಿಗೆ ಹಿಂದಿ ಅಕ್ಷರದಲ್ಲಿ ಕನ್ನಡದ ಮೆಸೇಜು ಕಳಿಸುತ್ತೀರಿ. ಅಷ್ಟು ಸಾಲದು. ಒಂದು ಪುಟ ಕನ್ನಡದಲ್ಲಿ ತಪ್ಪಿಲ್ಲದೆ ಬರೆಯಬೇಕು. ಮೇಲಾಗಿ ರಾಯಚೂರಿನ ಹಳ್ಳಿಯ ಅಂಗಡಿಯಲ್ಲಿ ಫಾರಂ 17 ಕೊಡುವಾಗ ಅದರಲ್ಲಿ ಏನಿದೆ ಎಂದು ಅಂಗಡಿಯವರಿಗೆ ಅವರ ಭಾಷೆಯಲ್ಲಿ ಹೇಳಬೇಕಲ್ಲ.

ಒತ್ತಕ್ಷರ ತಪ್ಪುವವರು, ಅಲ್ಪಪ್ರಾಣ ಮಹಾಪ್ರಾಣ ಕಲಸಿಹೋಗುವವರು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆಗೆ ಬನ್ನಿ. ಊರಿಂದ ತರಿಸಿದ ಕನ್ನಡ ಪತ್ರಿಕೆಗಳು ಒಂದು ಮೂಟೆ ಇವೆ. ಕಾಯಿದೆಯ ಪ್ರತಿ ಇದ್ದವರು ಅದನ್ನೂ ತನ್ನಿ, 22ನೆಯ ಸೆಕ್ಷನ್ನಿನಿಂದ ಶುರು ಮಾಡೋಣ. ಅನುಮಾನ ಬಂದ ದಾಸ್ತಾನನ್ನು ಮಾರಬೇಡಿ ಎಂದು ಇನ್ಸ್‌ಪೆಕ್ಟರು ತಡೆಹಿಡಿಯಬಹುದಾದ ದಿನಗಳು ಎಷ್ಟು ಎಂದು ಅದರಲ್ಲಿ ಹುಡುಕಿಕೊಂಡು ಬನ್ನಿ. ಉತ್ತರ ಇಪ್ಪತ್ತು. ಯಾವ ಸಾಲಿನಲ್ಲಿದೆ ಎಂದು ತೋರಿಸಿದವರಿಗೆ ಮೊದಲ ದೋಸೆ.